ಪಠ್ಯಕ್ರಮ ಸಂಶೋಧನೆಗೆ ಧಾರವಾಡದ ಎಂ.ಇಡಿ.ಯೋ, ಇಗ್ನೋ ಎಂ.ಎ.ಯೋ? ನೌಕರಿಯಲ್ಲಿರುವ ಶಿಕ್ಷಕರಿಗೊಂದು ಹೋಲಿಕೆ

ಧಾರವಾಡ, ಗದಗ, ಹಾವೇರಿ ಕಡೆ ಶಾಲೆಯಲ್ಲಿ ಪಾಠ ಮಾಡುತ್ತಲೇ ಪಠ್ಯಕ್ರಮದ ಮೇಲೆ ಸಂಶೋಧನೆ ಮಾಡಬೇಕು ಅನ್ನುವವರಿಗೆ ಮುಖ್ಯವಾಗಿ ಇರುವುದು ಎರಡು ದಾರಿ. ಒಂದು, ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ನಡೆಯುವ ಎರಡು ವರ್ಷದ ಎಂ.ಇಡಿ. ಇನ್ನೊಂದು, ದೂರ ಶಿಕ್ಷಣ ಕೊಡುವ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂ.ಎ. ಶಿಕ್ಷಣ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ. ಬಹಳ ಒಳ್ಳೆಯದು, ಆದರೆ ಅದು ಪೂರ್ಣಾವಧಿ. ಊರು, ನೌಕರಿ ಎರಡನ್ನೂ ಬಿಟ್ಟು ಹೋಗಬಲ್ಲವರಿಗೆ ಮಾತ್ರ ಆದೀತು.

ಹೆಚ್ಚಿನವರು ಫೀ ಎಷ್ಟು, ಹೆಸರು ಯಾವುದು ಎಂದು ನೋಡಿ ಆರಿಸುತ್ತಾರೆ. ನಮ್ಮ ಪ್ರಕಾರ ಮೊದಲು ಕೇಳಬೇಕಾದದ್ದು, ಸಂಶೋಧನಾ ಪ್ರಬಂಧವನ್ನು ಯಾರು ಕೂತು ತಿದ್ದುತ್ತಾರೆ ಎಂಬುದು. ಪಠ್ಯಕ್ರಮದ ಕೆಲಸ ಕಲಿಯುವುದು ಪ್ರಬಂಧ ಬರೆಯುವಾಗಲೇ.

ಎಂ.ಇಡಿ.ಯ ಲೆಕ್ಕ ಶಿಕ್ಷಕರ ಶಿಕ್ಷಣಕ್ಕೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಾವಳಿಯಲ್ಲಿದೆ. ನಾಲ್ಕು ಸೆಮಿಸ್ಟರ್, 80 ಕ್ರೆಡಿಟ್, ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ 36 ತಾಸು. ಹಾಜರಿ ತರಗತಿಗೆ ಶೇ. 80, ಕ್ಷೇತ್ರ ಕಾರ್ಯಕ್ಕೆ ಶೇ. 90. ಹುಬ್ಬಳ್ಳಿಯಿಂದ ಚಿಗರಿ ಬಸ್ ಹಿಡಿದು ದಿನಾ ಧಾರವಾಡಕ್ಕೆ ಬಂದು ಹೋಗುವುದು ಕಷ್ಟವಲ್ಲ, ಆದರೆ ಅದೇ ತಾಸಿನಲ್ಲಿ ಶಾಲೆಯಲ್ಲೂ ಇರಲು ಆಗುವುದಿಲ್ಲ. ಹಾಗಾಗಿ ರಜೆ ಬೇಕೇ ಬೇಕು. ಸರ್ಕಾರಿ ಶಿಕ್ಷಕರು ಪ್ರವೇಶಕ್ಕೆ ಮೊದಲೇ ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಇಲಾಖೆಯ ಅನುಮತಿ ಪಡೆಯಬೇಕು. ಸೇರಿದ ಮೇಲೆ ಅನುಮತಿ ಕೇಳಿದರೆ ಫೈಲು ಅಲ್ಲೇ ಸಿಕ್ಕಿಬೀಳುತ್ತದೆ. ಹಾಜರಿ ಹೊಂದಿಸಿಕೊಡುತ್ತೇವೆ ಎನ್ನುವವರ ಕಡೆ ತಿರುಗಿಯೂ ನೋಡಬೇಡಿ. ಒಂದೇ ದಿನ ಶಾಲೆಯ ಹಾಜರಿ ಪುಸ್ತಕದಲ್ಲೂ ಕಾಲೇಜಿನ ಹಾಜರಿಯಲ್ಲೂ ಸಹಿ ಇದ್ದರೆ, ಮುಂದೆ ದಾಖಲೆ ಪರಿಶೀಲನೆಯಲ್ಲಿ ಪದವಿಗೂ ನೌಕರಿಗೂ ಕುತ್ತು.

ಇಗ್ನೋದಲ್ಲಿ ಹಾಜರಿಯ ಗೋಳಿಲ್ಲ. ಕನಿಷ್ಠ ಎರಡು ವರ್ಷ, ಗರಿಷ್ಠ ನಾಲ್ಕು. ಅಸೈನ್‌ಮೆಂಟಿಗೆ ಶೇ. 30, ಜೂನ್ ಮತ್ತು ಡಿಸೆಂಬರ್ ಪರೀಕ್ಷೆಗೆ ಶೇ. 70. ಮೇ ರಜೆಯಲ್ಲಿ ಓದಿ ಜೂನ್‌ನಲ್ಲಿ ಬರೆಯುವುದು ನಮ್ಮ ಶಾಲಾ ವೇಳಾಪಟ್ಟಿಗೆ ಚೆನ್ನಾಗಿ ಕೂಡುತ್ತದೆ. ತೊಡಕು ಅಸೈನ್‌ಮೆಂಟಿನದು: ಅದನ್ನು ಕಳಿಸುವ ಹೊತ್ತಿಗೇ ವಾರ್ಷಿಕ ಪರೀಕ್ಷೆ, ಎಸ್ಸೆಸ್ಸೆಲ್ಸಿ ಕೆಲಸ ಬಂದು ಕೂರುತ್ತವೆ. ಜನವರಿಯೊಳಗೆ ಬರೆದಿಟ್ಟುಬಿಡಿ. ಪಾಠದ ಪುಸ್ತಕಗಳು ಇಗ್ನೋದ ಜಾಲತಾಣ ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ. ಫೀ ಕಟ್ಟುವ ಮೊದಲು ಶೈಕ್ಷಣಿಕ ಸಂಶೋಧನೆಯ ಪತ್ರಿಕೆ ಎಂಇಎಸ್-016ರ ಒಂದು ಬ್ಲಾಕ್ ಓದಿ, ಅದರ ಪ್ರಶ್ನೆಗಳಿಗೆ ಉತ್ತರ ಬರೆದು ನೋಡಿ. ಮಾಧ್ಯಮ ಇಂಗ್ಲಿಷ್ ಇಲ್ಲವೇ ಹಿಂದಿ. ಕನ್ನಡದಲ್ಲಿ ಸಂಗ್ರಹಿಸಿದ ಮಾಹಿತಿಯನ್ನೆಲ್ಲ ಅನುವಾದಿಸಬೇಕಾಗುತ್ತದೆ, ಈ ಹೊರೆಯನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನೊಂದು ಕೊರತೆ ದೊಡ್ಡದು. ಇಗ್ನೋ ಎರಡನೇ ವರ್ಷದ ವಿಶೇಷ ವಿಷಯಗಳು ಉನ್ನತ ಶಿಕ್ಷಣ, ದೂರ ಶಿಕ್ಷಣ, ಶೈಕ್ಷಣಿಕ ತಂತ್ರಜ್ಞಾನ, ಶೈಕ್ಷಣಿಕ ಆಡಳಿತ. ಶಾಲಾ ಪಠ್ಯಕ್ರಮವೆಂಬ ಪ್ರತ್ಯೇಕ ಗುಂಪಿಲ್ಲ, ಆ ಕೆಲಸವನ್ನು ಪ್ರಬಂಧದಲ್ಲೇ ಮಾಡಿಕೊಳ್ಳಬೇಕು. ಮಾರ್ಗದರ್ಶಕರನ್ನೂ ನೀವೇ ಹುಡುಕಿ, ಒಪ್ಪಿಸಿ, ಅವರ ಬಯೋಡೇಟಾವನ್ನು ಪ್ರಸ್ತಾವಕ್ಕೆ ಲಗತ್ತಿಸಬೇಕು. ಧಾರವಾಡ ವಿದ್ಯಾಕಾಶಿ, ಗುರುಗಳಿಗೆ ಬರವಿಲ್ಲ ನಿಜ. ಆದರೂ ಡಯಟ್ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ) ಅಥವಾ ಬಿ.ಇಡಿ. ಕಾಲೇಜಿನಲ್ಲಿ ಒಬ್ಬರು ಹ್ಞೂಂ ಅಂದ ಮೇಲೆಯೇ ಫೀ ಕಟ್ಟುವುದು ಲೇಸು.

ಒಂದೇ ವಿಷಯವನ್ನು ಎರಡೂ ಕಡೆ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಐದನೇ ತರಗತಿಯ ಪರಿಸರ ಅಧ್ಯಯನ ಪುಸ್ತಕದ ಪ್ರಶ್ನೆಗಳು ಮಕ್ಕಳಿಂದ ಏನನ್ನು ಕೇಳುತ್ತವೆ ಎಂಬುದು ವಿಷಯ ಅನ್ನಿ. ಕೋಷ್ಟಕದಲ್ಲಿ ಒಂದು ಪ್ರಶ್ನೆಗೆ ಒಂದು ಸಾಲು. ಪುಟ, ಪ್ರಶ್ನೆ, ವರ್ಗ, ಕಾರಣ ಎಂದು ನಾಲ್ಕು ಕಾಲಂ. ನೆನಪು, ವಿವರಣೆ, ವೀಕ್ಷಣೆ, ವಿಚಾರಣೆ ಎಂದು ನಾಲ್ಕು ವರ್ಗ. ನಿಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಹಿರಿಯರನ್ನು ಕೇಳಿ ಬರೆಯಿರಿ ಎಂಬಂಥ ಪ್ರಶ್ನೆ ಬಂದಾಗ ಒಬ್ಬರು ವೀಕ್ಷಣೆ ಅಂತಾರೆ, ಇನ್ನೊಬ್ಬರು ವಿಚಾರಣೆ ಅಂತಾರೆ. ಜನರನ್ನು ಕೇಳಿ ತಿಳಿಯುವುದೆಲ್ಲ ವಿಚಾರಣೆ ಎಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಇಡೀ ಕೋಷ್ಟಕ ಅಲುಗಾಡುತ್ತದೆ.

ಆದ್ದರಿಂದ ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಗುರುತು ಹಾಕಬೇಕು. 40 ಪ್ರಶ್ನೆಗಳಲ್ಲಿ 30 ಹೊಂದಿದರೆ ಶೇ. 75. ಕೇಳಲು ಚೆನ್ನಾಗಿದೆ, ಆದರೆ ಆಕಸ್ಮಿಕವಾಗಿ ಹೊಂದುವ ಪ್ರಮಾಣ 0.35 ಇದ್ದರೆ ಆ ಆಕಸ್ಮಿಕವನ್ನು ಕಳೆದು ಲೆಕ್ಕ ಹಾಕುವ ಕಪ್ಪಾ ಎಂಬ ಅಳತೆ 0.62ಕ್ಕೆ ಇಳಿಯುತ್ತದೆ. ಪರೀಕ್ಷಕರು ಕೇಳುವುದು ಆ ಎರಡನೆಯ ಅಂಕಿಯನ್ನೇ. ಎಂ.ಇಡಿ.ಯಲ್ಲಿ ಇದಕ್ಕೆ ಪಕ್ಕದ ಬೆಂಚಿನ ಗೆಳತಿ ಸಿಗುತ್ತಾಳೆ, ಗೈಡ್ ಅದೇ ವಾರ ತಿದ್ದುತ್ತಾರೆ. ಇಗ್ನೋದವರು ಒಬ್ಬರೇ ಕೂತು ಎಲ್ಲವನ್ನೂ ಗುರುತಿಸಿ, ಕಡೆಗೆ ಮೌಲ್ಯಮಾಪನದಲ್ಲಿ ಸಿಕ್ಕಿಕೊಳ್ಳುತ್ತಾರೆ. ಕ್ಲಸ್ಟರಿನ ಸಮಾಲೋಚನಾ ಸಭೆಗೆ ಬರುವ ಬೇರೆ ಶಾಲೆಯ ಶಿಕ್ಷಕರೊಬ್ಬರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪುಸ್ತಕದ ಮುದ್ರಣ ವರ್ಷವನ್ನೂ ತಪ್ಪದೆ ಬರೆಯಿರಿ. ರಾಜ್ಯದ ಕನ್ನಡ, ಸಮಾಜ ವಿಜ್ಞಾನ ಪುಸ್ತಕಗಳು 2022ರಲ್ಲೂ ಬದಲಾದವು, 2023ರಲ್ಲೂ ಬದಲಾದವು. ವರ್ಷವಿಲ್ಲದ ವಿಶ್ಲೇಷಣೆ ಯಾವ ಪುಸ್ತಕದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ತರಗತಿ ವೀಕ್ಷಣೆಯಲ್ಲಿ ಮಾತ್ರ ಇಗ್ನೋದವರ ಕೈ ಮೇಲು. ವರ್ಷವಿಡೀ ಶಾಲೆಯಲ್ಲೇ ಇರುತ್ತಾರಲ್ಲ. ಆದರೆ ಸ್ವಂತ ತರಗತಿಯ ಮಕ್ಕಳನ್ನು ತಾವೇ ಸಂದರ್ಶಿಸಬಾರದು. ಅಕ್ಕೋರಿಗೆ ಖುಷಿಯಾಗುವ ಉತ್ತರವನ್ನೇ ಅವರು ಕೊಡುತ್ತಾರೆ. ನೆರೆಯ ಶಾಲೆಯ ಶಿಕ್ಷಕರೊಂದಿಗೆ ತರಗತಿ ಅದಲು ಬದಲು ಮಾಡಿಕೊಳ್ಳಿ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ಹಂಗಾಮಿಗೆ ವೀಕ್ಷಣೆ ಇಟ್ಟುಕೊಳ್ಳಬೇಡಿ, ಮಕ್ಕಳು ಹೊಲದಲ್ಲಿರುತ್ತಾರೆ.

ಮುಂದೆ ಬಿ.ಇಡಿ. ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದವರಿಗೆ ಇನ್ನೊಂದು ಮಾತು. 2014ರ ನಿಯಮದಂತೆ ಶಿಕ್ಷಣದ ತಾತ್ವಿಕ ವಿಷಯಗಳ ಹುದ್ದೆಗೆ ಎಂ.ಎ. ಶಿಕ್ಷಣ ಮತ್ತು ಬಿ.ಇಡಿ., ಎರಡರಲ್ಲೂ ಶೇ. 55 ಇದ್ದರೆ ನಡೆಯುತ್ತದೆ. ಬೋಧನಾ ವಿಷಯಗಳ ಹುದ್ದೆಗೆ ಎಂ.ಇಡಿ.ಯೇ ಬೇಕು. ಇಗ್ನೋದಲ್ಲಿ ಶೇ. 40ಕ್ಕೆ ಪಾಸಾಗಬಹುದು, ಆದರೆ ಆ ಪಾಸು ಈ ಹುದ್ದೆಗೆ ಉಪಯೋಗಕ್ಕೆ ಬಾರದು.

ನಮ್ಮ ತೀರ್ಮಾನ ಹೀಗೆ: ರಜೆ ಮಂಜೂರಾಗುವವರು ಎರಡನೇ ಯೋಚನೆ ಮಾಡದೆ ಎಂ.ಇಡಿ. ಸೇರಿ. ರಜೆ ಸಿಗದಿದ್ದರೆ, ಗೈಡ್ ಸಿಕ್ಕ ಮೇಲೆ ಇಗ್ನೋ. ನೌಕರಿಯಲ್ಲಿರುವವರಿಗಾಗಿ ಎರಡು ವರ್ಷದ ಅರೆಕಾಲಿಕ ಎಂ.ಇಡಿ. ಎಂಬ ಪ್ರಸ್ತಾಪ ಎನ್‌ಸಿಟಿಇಯ 2025ರ ಕರಡು ನಿಯಮಾವಳಿಯಲ್ಲಿ ಇತ್ತು. ಕರಡನ್ನು ನೆಚ್ಚಿ ಕೂರಬೇಡಿ. ಪಾರ್ಟ್ ಟೈಮ್ ಎಂ.ಇಡಿ. ಎಂಬ ಬ್ಯಾನರ್ ಕಂಡರೆ ಎನ್‌ಸಿಟಿಇ ಮಾನ್ಯತೆಯ ಆದೇಶದ ಪ್ರತಿ ಕೇಳಿ, ಅದರಲ್ಲಿ ಕೋರ್ಸಿನ ಹೆಸರು ಮತ್ತು ಸೀಟುಗಳ ಸಂಖ್ಯೆ ಓದಿದ ಮೇಲೆಯೇ ದುಡ್ಡು ಕಟ್ಟಿ.