ಉಬುಂಟು 24.04: ದೂರು ಕೊಟ್ಟರೆ ಕೆಲಸವಾಗುತ್ತದೆ, ಕನ್ನಡದ್ದೊಂದು ಬಿಟ್ಟು

ಉಬುಂಟು 24.04 ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂನಲ್ಲಿ ಗ್ನೋಮ್ 46 ಎಂಬ ಡೆಸ್ಕ್‌ಟಾಪ್ ಹೇಗಿದೆ, ಡಾಕ್ ಎಲ್ಲಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನೆಲ್ಲ ಬೇಕಾದಷ್ಟು ಜನ ಬರೆದಾಗಿದೆ. 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಇನ್ನಷ್ಟು ವರ್ಷ ದೂಡುವ ಲೆಕ್ಕಾಚಾರ ಇದ್ದವರಿಗೆ ಇದು ಸಾಕು. 4 ಜಿಬಿ ಆದರೆ ಇದರ ಹಗುರ ರೂಪವಾದ ಲುಬುಂಟು ಹಾಕಿಕೊಳ್ಳಿ, ಸುಮ್ಮನೆ ಒದ್ದಾಡಬೇಡಿ. ನಾನು ಹೇಳಹೊರಟಿದ್ದು ಬೇರೆ ವಿಷಯ. ದುಡ್ಡು ಕೊಡದೆ ಬಳಸುವವನ ಮಾತನ್ನು ಇಲ್ಲಿ ಯಾರಾದರೂ ಕೇಳುತ್ತಾರಾ?

ಒಂದು ಕಾಲದಲ್ಲಿ ಕೇಳುತ್ತಿದ್ದರು. ಶಿಪ್‌ಇಟ್ ಯೋಜನೆಯಲ್ಲಿ ವಿಳಾಸ ಬರೆದರೆ ಸಾಕು, 2011ರವರೆಗೂ ಪುಕ್ಕಟೆ ಸಿಡಿ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಅದೇ ವರ್ಷ ಯೂನಿಟಿ ಎಂಬ ಬೇರೆ ಡೆಸ್ಕ್‌ಟಾಪ್ ಬಂತು, ಅರ್ಧ ಜನ ಮುನಿಸಿಕೊಂಡರು. 2012ರ 12.10 ಆವೃತ್ತಿಯಲ್ಲಿ ನಮ್ಮದೇ ಕಡತ ಹುಡುಕಹೋದರೆ ಅಮೆಜಾನ್ ಸರಕು ಕಣ್ಣಿಗೆ ಬೀಳತೊಡಗಿದಾಗ ಉಳಿದವರಲ್ಲೂ ಒಂದಿಷ್ಟು ಜನ ಕೈಮುಗಿದು ಹೋದರು. 2017ರಲ್ಲಿ ಯೂನಿಟಿಯನ್ನೇ ಕೈಬಿಟ್ಟಾಗ ಅದನ್ನು ನಂಬಿ ದುಡಿದವರಿಗೂ ಬೇಜಾರಾಯಿತು. ಕೊನೆಗೆ ಸಮುದಾಯವನ್ನು ನೋಡಿಕೊಳ್ಳುವ ಕಮ್ಯುನಿಟಿ ಕೌನ್ಸಿಲ್‌ನಲ್ಲಿ ಕೂರುವವರೇ ಇಲ್ಲದಂತಾಗಿ, 2020ರಲ್ಲಿ ಮತ್ತೆ ಚುನಾವಣೆ ನಡೆಸಿ ತುಂಬಬೇಕಾಯಿತು. ಆಮೇಲೆ ಉಬುಂಟು ಸಮಿಟ್ ಶುರುವಾಯಿತು: 2022ರಲ್ಲಿ ಪ್ರಾಗ್, 2023ರಲ್ಲಿ ರಿಗಾ, 2024ರಲ್ಲಿ ಹೇಗ್. ನಿಂತುಹೋಗಿದ್ದ, ಶಾಲೆಗಳಿಗಾಗಿ ಇದ್ದ ಎಜುಬುಂಟು 23.04ರಲ್ಲಿ ತಿರುಗಿ ಬಂತು. ಎಲ್ಲ ಸರಿ, ಆದರೆ ಪ್ರಾಗ್‌ಗೆ ಹೋಗಿ ಬರುವವರು ಎಷ್ಟು ಮಂದಿ? ಮನೆಯಲ್ಲಿ ಕೂತು ಬಳಸುವವನನ್ನು ಹಿಡಿದು ನಿಲ್ಲಿಸುವುದು ಸಮ್ಮೇಳನವಲ್ಲ, ಯಾರೂ ಜಾಹೀರಾತು ಮಾಡದ ಬಗ್ ವ್ಯವಸ್ಥೆ, ಅಂದರೆ ದೋಷಗಳನ್ನು ವರದಿ ಮಾಡುವ ವ್ಯವಸ್ಥೆ.

ಅದು ನಡೆಯುವ ಬಗೆ ಹೀಗೆ. ಟರ್ಮಿನಲ್‌ನಲ್ಲಿ ಉಬುಂಟು-ಬಗ್ ಎಂದು ಬರೆದು, ಪಕ್ಕದಲ್ಲಿ ಕೆಟ್ಟಿರುವ ಪ್ಯಾಕೇಜಿನ (ತಂತ್ರಾಂಶದ ಕಟ್ಟಿನ) ಹೆಸರು ಕೊಟ್ಟರೆ ಆವೃತ್ತಿ, ಕರ್ನಲ್, ಲಾಗ್ ಎಲ್ಲವನ್ನೂ ಅದೇ ಜೋಡಿಸಿ, ಉಬುಂಟುವಿನ ಬಗ್, ಅನುವಾದಗಳನ್ನು ನೋಡಿಕೊಳ್ಳುವ ತಾಣವಾದ ಲಾಂಚ್‌ಪ್ಯಾಡ್ ಪುಟ ತೆರೆಯುತ್ತದೆ. ಹೆಚ್ಚಿನವರು ಇಲ್ಲೇ ಎಡವುವುದು. ಪ್ಯಾಕೇಜು ಪಿಪಿಎಯಿಂದ, ಅಂದರೆ ಹೊರಗಿನವರ ಸಂಗ್ರಹದಿಂದ, ಬಂದಿದ್ದರೆ ಇದು ಅಧಿಕೃತ ಪ್ಯಾಕೇಜಲ್ಲ ಎಂದು ವರದಿಯನ್ನೇ ತಳ್ಳಿಹಾಕುತ್ತದೆ. ಹಾಗಾಗಿ ಮೊದಲು ಪಿಪಿಎ ತೆಗೆದು, ಮೂಲ ಪ್ಯಾಕೇಜು ಹಾಕಿ, ಅಪ್‌ಡೇಟ್ ಮಾಡಿ, ಆಮೇಲೂ ತೊಂದರೆ ಇದ್ದರೆ ಮಾತ್ರ ಬರೆಯಿರಿ. ಅದೇ ಬಗ್ ಅನ್ನು ಬೇರೆ ಯಾರಾದರೂ ಬರೆದಿದ್ದರೆ ಹೊಸದು ಬೇಡ. ಆ ಪುಟದ ಮೇಲ್ಭಾಗದಲ್ಲಿ ‘ನನಗೂ ಈ ತೊಂದರೆ ಇದೆ’ ಎಂದು ಗುರುತು ಹಾಕುವ ಜಾಗವಿದೆ. ಇನ್ನೊಬ್ಬರು ಅದನ್ನು ಒತ್ತಿದ ಕೂಡಲೇ ‘ನ್ಯೂ’ ಎಂದಿದ್ದ ಬಗ್ ತಾನಾಗಿ ‘ಕನ್‌ಫರ್ಮ್ಡ್’ ಆಗುತ್ತದೆ. ನಾನೂ ಅನುಭವಿಸಿದ್ದೇನೆ ಎಂದು ಕೆಳಗೆ ನಾಲ್ಕು ಸಾಲು ಬರೆಯುವುದಕ್ಕಿಂತ ಆ ಒಂದು ಕ್ಲಿಕ್‌ಗೆ ತೂಕ ಜಾಸ್ತಿ. ಯಾರಾದರೂ ಹೆಚ್ಚಿನ ವಿವರ ಕೇಳಿ ‘ಇನ್‌ಕಂಪ್ಲೀಟ್’ ಎಂದು ಇಟ್ಟರೆ ಉತ್ತರ ಕೊಡಲು ಮರೆಯಬೇಡಿ. 60 ದಿನ ಸುಮ್ಮನಿದ್ದರೆ ಬಗ್ ‘ಎಕ್ಸ್‌ಪೈರ್ಡ್’ ಆಗಿ ಮೂಲೆ ಸೇರುತ್ತದೆ.

ನಿಜವಾದ ಖುಷಿ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ದುರಸ್ತಿ ಸಿದ್ಧವಾದರೆ ಅದು ನೇರ ಎಲ್ಲರ ಯಂತ್ರಕ್ಕೂ ಬರುವುದಿಲ್ಲ, ಮೊದಲು 24.04ರ (ಇದರ ಅಡ್ಡಹೆಸರು ನೋಬಲ್) ಪರೀಕ್ಷಾ ಸಂಗ್ರಹವಾದ ನೋಬಲ್-ಪ್ರಪೋಸ್ಡ್‌ನಲ್ಲಿ ಕನಿಷ್ಠ 7 ದಿನ ಇರಬೇಕು. ಬಗ್ ಪುಟಕ್ಕೆ ‘ವೆರಿಫಿಕೇಶನ್-ನೀಡೆಡ್-ನೋಬಲ್’ ಎಂಬ ಟ್ಯಾಗ್ ಬೀಳುತ್ತದೆ. ಮೇಲೆ ಟೆಸ್ಟ್ ಪ್ಲಾನ್ ಎಂಬ ಭಾಗದಲ್ಲಿ ಏನು ಒತ್ತಬೇಕು, ಏನು ಕಾಣಬೇಕು ಎಂದು ಹಂತ ಹಂತವಾಗಿ ಬರೆದಿರುತ್ತಾರೆ. ಇಟಿಸಿ ಕೆಳಗಿನ ಆಪ್ಟ್ ಫೋಲ್ಡರಿನೊಳಗೆ ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಫೋಲ್ಡರಿನಲ್ಲಿರುವ ಉಬುಂಟು ಡಾಟ್ ಸೋರ್ಸಸ್ ಕಡತದ ‘ಸೂಟ್ಸ್’ ಸಾಲಿಗೆ ನೋಬಲ್-ಪ್ರಪೋಸ್ಡ್ ಸೇರಿಸಿ. ಮೊದಲೆಲ್ಲ ಹೀಗೆ ಮಾಡಿದರೆ ಅರೆಬೆಂದ ಪ್ಯಾಕೇಜುಗಳೆಲ್ಲ ಒಟ್ಟಿಗೆ ನುಗ್ಗಿ ಯಂತ್ರ ಹಾಳಾಗುತ್ತಿತ್ತು. 23.04ರಿಂದ ಆ ಭಯವಿಲ್ಲ, ನೀವು ಹೆಸರು ಹೇಳಿ ಕೇಳಿದ್ದು ಮಾತ್ರ ಅಲ್ಲಿಂದ ಬರುತ್ತದೆ. ಆ ಒಂದು ಪ್ಯಾಕೇಜು ಹಾಕಿ, ಹಂತಗಳನ್ನು ನಡೆಸಿ ನೋಡಿ, ಪರೀಕ್ಷಿಸಿದ ಆವೃತ್ತಿ ಸಂಖ್ಯೆ ಬರೆದು, ಟ್ಯಾಗನ್ನು ‘ವೆರಿಫಿಕೇಶನ್-ಡನ್-ನೋಬಲ್’ ಎಂದು ಬದಲಿಸಬೇಕು. ಸರಿಯಾಗದಿದ್ದರೆ ‘ಫೇಲ್ಡ್’. ಈ ಗುರುತು ಬೀಳದೆ ದುರಸ್ತಿ ಮುಂದಕ್ಕೆ ಹೋಗುವುದಿಲ್ಲ. ಕೋಡ್ ಒಂದು ಸಾಲೂ ಬಾರದವನ ಕಾಲು ಗಂಟೆಯ ಕೆಲಸ ಲಕ್ಷಾಂತರ ಯಂತ್ರಗಳಿಗೆ ಹೋಗುವ ಅಪ್‌ಡೇಟನ್ನು ಬಿಡಿಸುತ್ತದೆ. ಇಷ್ಟು ನೇರವಾದ ಫಲ ಇನ್ನಾವ ಸ್ವಯಂಸೇವೆಗೂ ಇಲ್ಲಿ ಇಲ್ಲ.

ಬೆಳಗಿನ ಅಪ್‌ಡೇಟ್‌ನಲ್ಲಿ ಕೆಲವು ಪ್ಯಾಕೇಜುಗಳನ್ನು ಫೇಸಿಂಗ್ ಕಾರಣ ತಡೆಹಿಡಿದಿದೆ ಎಂಬ ಸಾಲು ಬರುತ್ತದಲ್ಲ, ಅದನ್ನು ಕಂಡು ಗಾಬರಿಬೀಳುವವರು ಬಹಳ. ಏನೂ ಕೆಟ್ಟಿಲ್ಲ. ಹೊಸ ಅಪ್‌ಡೇಟ್ ಮೊದಲು ಶೇಕಡಾ 10ರಷ್ಟು ಯಂತ್ರಗಳಿಗೆ ಹೋಗಿ, ಕ್ರ್ಯಾಶ್ ವರದಿ ಏರದಿದ್ದರೆ ಹಂತಹಂತವಾಗಿ ಎಲ್ಲರಿಗೂ ಹೋಗುತ್ತದೆ. ಬಲವಂತವಾಗಿ ಹಾಕಿಕೊಳ್ಳುವ ಕಮಾಂಡ್ ಹುಡುಕಬೇಡಿ, ಚಹಾ ಕುಡಿದು ನಿಮ್ಮ ಕೆಲಸ ನೋಡಿಕೊಳ್ಳಿ.

ಇಷ್ಟು ಹೊಗಳಿದ ಮೇಲೆ ಕನ್ನಡಕ್ಕೆ ಬರೋಣ.

ಬರೆಯುವುದಕ್ಕೆ ಕೊರತೆಯಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಇನ್‌ಪುಟ್ ಸೋರ್ಸ್ ಸೇರಿಸುವಾಗ ಕನ್ನಡದ ಕಗಪ ವಿನ್ಯಾಸ ಸಿಗುತ್ತದೆ. ಸೂಪರ್ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲು. ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜು ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಮೂರೂ ಒಟ್ಟಿಗೆ ಬರುತ್ತವೆ. ರ‍್ಯಾಂಕ್ ಎಂದು ಬರೆಯಹೋದಾಗ ರ್ಯಾಂಕ್ ಎಂದು ಅರ್ಕಾವತ್ತು ಬರುತ್ತಿದ್ದರೆ, ‘ರ’ ಆದ ಮೇಲೆ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ 200ಡಿ ಬರೆದು ಸ್ಪೇಸ್ ಕೊಡಿ, ಆಮೇಲೆ ಹಲಂತ, ಆಮೇಲೆ ‘ಯ’. ಕೈಗೆ ರೂಢಿಯಾದರೆ ಕ್ಷಣದ ಕೆಲಸ.

ತಕರಾರು ಮೆನುಗಳದ್ದು. ವ್ಯವಸ್ಥೆಯ ಭಾಷೆ ಕನ್ನಡ ಮಾಡಿಕೊಂಡರೆ ಹಳೆಯ ಆಯ್ಕೆಗಳು ಕನ್ನಡದಲ್ಲಿ, ಹೊಸವು ಇಂಗ್ಲಿಷಿನಲ್ಲಿ. ಹೊಸದಕ್ಕೆ ಅನುವಾದವಾಗಿಲ್ಲ ಎಂಬುದು ಅರ್ಧ ಕಾರಣ ಅಷ್ಟೆ. ಇನ್ನರ್ಧ, ಇದ್ದ ಅನುವಾದವೂ ಮಾಯವಾಗುವುದು. ಮೂಲ ಇಂಗ್ಲಿಷ್ ಸಾಲಿನಲ್ಲಿ ಒಂದು ಚಿಹ್ನೆ ಬದಲಾದರೂ, ಅನುವಾದಗಳನ್ನು ಜೋಡಿಸುವ ಸಾಧನವಾದ ಗೆಟ್‌ಟೆಕ್ಸ್ಟ್ ಆ ಅನುವಾದಕ್ಕೆ ‘ಫಝಿ’ ಎಂದು ಮುದ್ರೆ ಒತ್ತುತ್ತದೆ, ಫಝಿ ಸಾಲುಗಳು ತೆರೆಗೆ ಬರುವುದೇ ಇಲ್ಲ. ಗ್ನೋಮ್‌ನವರು ಮೆನು ಸಾಲಿನ ಕೊನೆಯ ಮೂರು ಬಿಡಿ ಚುಕ್ಕಿಗಳನ್ನು ತೆಗೆದು ಒಂದೇ ಅಕ್ಷರದ ಚುಕ್ಕಿಸಾಲು ಹಾಕಿದರು. ಕನ್ನಡದ ಸಾಲಿನಲ್ಲಿ ಒಂದು ಪದವೂ ತಪ್ಪಾಗಿರಲಿಲ್ಲ, ಆದರೂ ಯಾರಾದರೂ ಕೂತು ಒಂದೊಂದನ್ನೇ ತೆರೆದು ಫಝಿ ಮುದ್ರೆ ತೆಗೆಯಬೇಕು. ಆ ಯಾರಾದರೂ ಎಲ್ಲಿ? 2024ರ ಡಿಸೆಂಬರಿನಲ್ಲಿ ಗ್ನೋಮ್ ಏಷ್ಯಾ ಸಮಿಟ್ ಬೆಂಗಳೂರಿನಲ್ಲೇ ನಡೆಯಿತು. ಸಭೆ ಊರಿಗೆ ಬಂತು, ಮೆನು ಇದ್ದಲ್ಲೇ ಇದೆ.

ಲಾಂಚ್‌ಪ್ಯಾಡ್‌ನಲ್ಲಿ ಕನ್ನಡ ಸಾಲನ್ನು ಯಾರು ಬೇಕಾದರೂ ಸೂಚಿಸಬಹುದು, ಒಪ್ಪುವ ಹಕ್ಕು ಮಾತ್ರ ಅನುವಾದ ತಂಡದ್ದು. ತಂಡದಲ್ಲಿ ನೋಡುವವರಿಲ್ಲದಿದ್ದರೆ ಸೂಚನೆ ಅಲ್ಲೇ ಕೊಳೆಯುತ್ತದೆ. ಬಗ್‌ಗೆ ಎರಡನೆಯವರ ಕ್ಲಿಕ್ ಸಾಕಾದಂತೆ ಇಲ್ಲಿ ಯಾವುದೂ ತಾನಾಗಿ ಮುಂದೆ ಸರಿಯುವುದಿಲ್ಲ. ಬಾಗಿಲು ಪೂರ್ತಿ ತೆರೆದಿಡಿ ಅಂತಲೂ ಹೇಳಲಾರೆ. 2023ರ ಅಕ್ಟೋಬರಿನಲ್ಲಿ 23.10 ಬಿಡುಗಡೆಯಾದಾಗ ಇನ್‌ಸ್ಟಾಲರ್‌ನ ಉಕ್ರೇನಿಯನ್ ಅನುವಾದದಲ್ಲಿ ಯಾರೋ ದ್ವೇಷದ ಬೈಗುಳ ತುರುಕಿದ್ದು ಗೊತ್ತಾಗಿ, ಡೌನ್‌ಲೋಡನ್ನೇ ಹಿಂದೆಗೆದುಕೊಳ್ಳಬೇಕಾಯಿತು. ಅದನ್ನು ಓದಿ ಕೂಗೆಬ್ಬಿಸಲು ಉಕ್ರೇನಿಯನ್ನರಿದ್ದರು. ಅದೇ ಕೆಲಸ ಕನ್ನಡದಲ್ಲಿ ಆಗಿದ್ದರೆ ಎಷ್ಟು ತಿಂಗಳ ಮೇಲೆ ಗೊತ್ತಾಗುತ್ತಿತ್ತೋ!

ಕೈಹಾಕುವ ಮನಸ್ಸಿದ್ದವರು ಲಾಂಚ್‌ಪ್ಯಾಡ್‌ಗಿಂತ ಮೊದಲು ಗ್ನೋಮ್‌ನ ಡ್ಯಾಮ್ಡ್ ಲೈಸ್ ಎಂಬ ಅನುವಾದ ತಾಣಕ್ಕೆ ಹೋಗಿ. ಅಲ್ಲಿ ಸರಿಮಾಡಿದ್ದು ಫೆಡೋರಾ, ಡೆಬಿಯನ್‌ನಂಥ ಬೇರೆ ಲಿನಕ್ಸ್ ಬಳಸುವವರಿಗೂ ಸಿಗುತ್ತದೆ. ಕನ್ನಡ ತಂಡ ಸೇರಿ, ಒಂದು ಮಾಡ್ಯೂಲನ್ನು ನಿಮ್ಮ ಹೆಸರಿಗೆ ಕಾದಿರಿಸಿ, ಅನುವಾದದ ಸಾಲುಗಳಿರುವ ಪಿಒ ಕಡತ ಇಳಿಸಿಕೊಂಡು ಮೊದಲು ಫಝಿ ಸಾಲುಗಳನ್ನು ಮುಗಿಸಿ. ಕಡಿಮೆ ಶ್ರಮಕ್ಕೆ ಹೆಚ್ಚು ಮೆನು ಕನ್ನಡಕ್ಕೆ ಮರಳುವುದು ಅಲ್ಲೇ. ಶೇಕಡಾ ಚಿಹ್ನೆಯ ಜೊತೆ ಬರುವ ಎಸ್, ಡಿ ಗುರುತುಗಳು ಬಿಟ್ಟುಹೋದರೆ ತಪಾಸಣೆಯಲ್ಲಿ ಕಡತ ತಿರಸ್ಕೃತವಾಗುತ್ತದೆ. ಶಾರ್ಟ್‌ಕಟ್‌ಗಾಗಿ ಅಡಿಗೆರೆ ಇಟ್ಟ ಇಂಗ್ಲಿಷ್ ಅಕ್ಷರವನ್ನು ಕನ್ನಡ ಪದದ ಕೊನೆಯಲ್ಲಿ ಆವರಣದೊಳಗೆ ಉಳಿಸಿಕೊಳ್ಳಿ. ಗ್ನೋಮ್ ಬರುವುದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಉಬುಂಟು ಅದರ ಮುಂದಿನ ತಿಂಗಳು. ಆದ್ದರಿಂದ ಫೆಬ್ರವರಿ, ಆಗಸ್ಟ್ ಕೆಲಸದ ತಿಂಗಳುಗಳು. ಹಾಗೆ ಮಾಡಿದ್ದು ಮುಂದಿನ ಆವೃತ್ತಿಗೆ ಸೇರುತ್ತದೆ. 24.04ಕ್ಕೇ ಬೇಕೆಂದರೆ ಅದೇ ಸಾಲನ್ನು ಲಾಂಚ್‌ಪ್ಯಾಡ್‌ನಲ್ಲೂ ಹಾಕಿ ಲ್ಯಾಂಗ್ವೇಜ್ ಪ್ಯಾಕ್‌ಗೆ ಕಾಯಬೇಕು.

ಸುಮ್ಮನೆ ಬಳಸುವವರಿಗೆ ನನ್ನ ಸಲಹೆ: ಮೆನು ಇಂಗ್ಲಿಷಿನಲ್ಲಿರಲಿ, ಕೀಬೋರ್ಡ್ ಮಾತ್ರ ಕನ್ನಡ. ಭಾಷೆ ಬದಲಿಸಿಯೇ ನೋಡುವುದಾದರೆ ಮುಂದಿನ ಲಾಗಿನ್‌ನಲ್ಲಿ ಫೋಲ್ಡರುಗಳ ಹೆಸರನ್ನೂ ಬದಲಿಸಲೇ ಎಂದು ಕೇಳುತ್ತದೆ. ಹಳೆಯ ಹೆಸರೇ ಇರಲಿ ಎನ್ನಿ, ಇಲ್ಲವಾದರೆ ಡೌನ್‌ಲೋಡ್ಸ್ ಫೋಲ್ಡರಿನ ಹೆಸರು ಕನ್ನಡವಾಗಿ, ಬ್ಯಾಕಪ್ ಸ್ಕ್ರಿಪ್ಟುಗಳಿಗೆ ದಾರಿ ತಪ್ಪುತ್ತದೆ.