ಹ್ಯಾವ್‌ಲಾಕಾ, ಕಡ್ಮತ್ತಾ? ಎರಡೂ ಕಡೆ ಮುಳುಗಿ ನೋಡಿದ ಮೇಲೆ

ಮುರುಡೇಶ್ವರದ ನೇತ್ರಾಣಿ ದ್ವೀಪದಲ್ಲಿ ಒಂದು ಸಲ ಸ್ಕೂಬಾ ಡೈವಿಂಗ್ ಅಂತ ನೀರಿಗಿಳಿದವರನ್ನು ಕೇಳಿ ನೋಡಿ. ಮುಂದಿನ ಮಾತು ಅಂಡಮಾನೋ ಲಕ್ಷದ್ವೀಪವೋ ಅಂತಲೇ ಬರುತ್ತದೆ. ನನ್ನದೂ ಅದೇ ಕಥೆ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ ಇನ್‌ಸ್ಟ್ರಕ್ಟರ್ ನನ್ನ ಸಿಲಿಂಡರ್ ಹಿಡಿದು ಇಪ್ಪತ್ತು ನಿಮಿಷ ಸುತ್ತಿಸಿದರು. ಅಷ್ಟಕ್ಕೇ ಹುಚ್ಚು ಹತ್ತಿತು. ಆಮೇಲೆ ಒಂದು ಜನವರಿ ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪದಲ್ಲಿ ಕಳೆಯಿತು, ಅದರ ಮರುವರ್ಷದ ಮಾರ್ಚ್ ಲಕ್ಷದ್ವೀಪದ ಕಡ್ಮತ್‌ನಲ್ಲಿ.

ಹೋಗುವ ದಾರಿಯಲ್ಲಂತೂ ಅಂಡಮಾನ್‌ಗೆ ಎದುರಾಳಿಯೇ ಇಲ್ಲ. ಬೆಂಗಳೂರಿನಲ್ಲಿ ಬೆಳಗ್ಗೆ ವಿಮಾನ ಹತ್ತಿದರೆ ಮಧ್ಯಾಹ್ನ ಪೋರ್ಟ್ ಬ್ಲೇರ್. ಅಲ್ಲಿಂದ ಫೆರ್ರಿಯಲ್ಲಿ ಎರಡು ಗಂಟೆ ಆಚೀಚೆ, ಹ್ಯಾವ್‌ಲಾಕ್. ನಮ್ಮಂಥವರಿಗೆ ಪರ್ಮಿಟ್ ಗಿರ್ಮಿಟ್ ಏನೂ ಬೇಡ. ಹ್ಯಾವ್‌ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಾಯಿತು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಡೈವಿಂಗ್ ಮಾಡುವವರ ಬಾಯಲ್ಲಿ ಮಾತ್ರ ಇನ್ನೂ ಹಳೇ ಹೆಸರೇ.

ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕೇ ಬೇಕು. ನಾನು ಹಿಡಿದ ಏಜೆಂಟ್ "ಮುಂದಿನ ವಾರ ಗ್ಯಾರಂಟಿ ಸಾರ್" ಅಂತ ಆರು ವಾರ ಹೇಳಿದರು. ನಾನು ಬುದ್ಧಿವಂತನ ಹಾಗೆ ಕೊಚ್ಚಿಯಿಂದ ಲಕ್ಷದ್ವೀಪದ ವಿಮಾನ ನಿಲ್ದಾಣ ಇರುವ ಅಗತ್ತಿಗೆ ಟಿಕೆಟ್ ಮೊದಲೇ ಮಾಡಿಸಿದ್ದೆ. ಅದು ನೀರಿನಲ್ಲಿ ಹೋಮ ಆಯಿತು. ಎರಡನೇ ಸಲದ ಪ್ರಯತ್ನಕ್ಕೆ ಪರ್ಮಿಟ್ ಸಿಕ್ಕಿದಾಗ ಕೊಚ್ಚಿಯಿಂದ ಹಡಗು ಹಿಡಿದೆ. ರಾತ್ರಿಯೆಲ್ಲ ಪ್ರಯಾಣ, ಅರ್ಧ ರಾತ್ರಿ ವಾಂತಿ. ಬೆಳಗ್ಗೆ ಹಡಗು ದ್ವೀಪದಿಂದ ದೂರದಲ್ಲೇ ನಿಂತಿತು. ಪಕ್ಕಕ್ಕೆ ಸಣ್ಣ ದೋಣಿ ಬಂತು. ಅದು ಅಲೆಯ ಮೇಲೆ ಎದ್ದ ಕ್ಷಣ ನೋಡಿ ಕಾಲಿಡಬೇಕು. ಇಬ್ಬರು ನನ್ನ ರಟ್ಟೆ ಹಿಡಿದು ಅಕ್ಕಿ ಮೂಟೆ ಇಳಿಸಿದ ಹಾಗೆ ಇಳಿಸಿದರು.

ದೋಣಿಯ ಕಾಕಾ ಯಾವೂರು ಅಂತ ಕೇಳಿದರು. ನನ್ನ ಮಲಯಾಳಂ ಉಳ್ಳಾಲದ ಬ್ಯಾರಿ ಗೆಳೆಯರಿಂದ ಕಲಿತದ್ದು, ಅರೆಬೆಂದದ್ದು. ಮಂಗಳೂರು ಅಂದೆ. "ಓ, ಮಂಗಲಾಪುರಂ!" ಅಂತ ಮುಖ ಅರಳಿತು. ಅವರ ಮನೆಯ ಈರುಳ್ಳಿ, ತರಕಾರಿ ಎಲ್ಲ ನಮ್ಮ ಹಳೇ ಬಂದರಿನಿಂದ ಮಂಜಿಯಲ್ಲಿ, ಅಂದರೆ ಸರಕಿನ ದೊಡ್ಡ ದೋಣಿಯಲ್ಲಿ, ಬರುತ್ತದಂತೆ. ಕಡ್ಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದೂ ದ್ವೀಪ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲೇ ಇದ್ದವು. ನಮ್ಮದೇ ಜಿಲ್ಲೆಯಾಗಿದ್ದ ಊರಿಗೆ ನಾನು ಪರ್ಮಿಟ್ ಹಿಡಿದು, ಕೊಚ್ಚಿ ಸುತ್ತಿಕೊಂಡು ಬಂದಿದ್ದೆ!

ಸರಿ, ನೀರೊಳಗಿನ ಮಾತಿಗೆ ಬರೋಣ.

ಕಲಿಯುವುದಕ್ಕೆ ಹ್ಯಾವ್‌ಲಾಕ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಡೈವಿಂಗ್ ಅಂಗಡಿಗಳು ಸಾಲಾಗಿವೆ, ಒಬ್ಬರ ಪಾಠ ಒಗ್ಗದಿದ್ದರೆ ಇನ್ನೊಬ್ಬರಿದ್ದಾರೆ. ನಾನು ನಾಲ್ಕು ದಿನದ ಓಪನ್ ವಾಟರ್ ಕೋರ್ಸ್ ಮಾಡಿದೆ. 18 ಮೀಟರ್ ಆಳದವರೆಗೆ ಇಳಿಯಬಹುದು ಅಂತ ಕಾರ್ಡ್ ಸಿಗುತ್ತದೆ. ಮೂರನೇ ದಿನ ನೆಗಡಿ ಹಿಡಿಯಿತು. ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿಗೆ ಸೂಜಿ ಚುಚ್ಚಿದ ಹಾಗೆ ನೋವು. ಮೂಗು ಹಿಡಿದು ಊದಿದೆ. ಬಲಗಿವಿ ಟಪ್ ಅಂದಿತು, ಎಡಗಿವಿ ಜಪ್ಪಯ್ಯ ಅನ್ನಲಿಲ್ಲ. ಇನ್‌ಸ್ಟ್ರಕ್ಟರ್ ಹೆಬ್ಬೆರಳು ಮೇಲೆ ಮಾಡಿದರು. ನಾನು ಬೆಪ್ಪನ ಹಾಗೆ ಭೇಷ್ ಅನ್ನುತ್ತಿದ್ದಾರೆ ಅಂದುಕೊಂಡೆ. ನೀರಿನೊಳಗೆ ಅದಕ್ಕೆ ಮೇಲಕ್ಕೆ ನಡಿ ಅಂತ ಅರ್ಥ, ಮೊದಲ ದಿನವೇ ಹೇಳಿಕೊಟ್ಟಿದ್ದರು. ಎರಡು ದಿನ ಸುಮ್ನೆ ಕೂತೆ. ಬಂಗಾಳಿ ಹೋಟೆಲಿನಲ್ಲಿ ಮೀನು ಸಾರು ಅನ್ನ, ಸಂಜೆ ರಾಧಾನಗರ ಬೀಚ್. ಬೇಜಾರೇನೂ ಆಗಲಿಲ್ಲ. ಆಮೇಲೆ ಬಂದು ಕೋರ್ಸ್ ಮುಗಿಸಿದೆ.

ಇದೇ ನೆಗಡಿ ಕಡ್ಮತ್‌ನಲ್ಲಿ ಬಂದಿದ್ದರೆ ಕೆಟ್ಟೆ. ಅಲ್ಲಿ ಪರ್ಮಿಟ್‌ನ ದಿನ ಮುಗಿದರೆ ಗಂಟುಮೂಟೆ ಕಟ್ಟಬೇಕು. ಹಡಗು ನಿಮ್ಮ ಕಿವಿಗಾಗಿ ಕಾಯುವುದಿಲ್ಲ. ಇನ್ನೊಂದು ಮಾತು. ಡೈವಿಂಗ್‌ನಲ್ಲಿ ಹೆಚ್ಚುಕಮ್ಮಿಯಾದರೆ ಬೇಕಾಗುವ ಒತ್ತಡದ ಚೇಂಬರ್ ಪೋರ್ಟ್ ಬ್ಲೇರ್‌ನ ನೌಕಾಪಡೆ ಆಸ್ಪತ್ರೆಯಲ್ಲಿದೆ. ಕಡ್ಮತ್‌ನಿಂದಾದರೆ ಕೊಚ್ಚಿಗೇ ಓಡಬೇಕು. ಮನೆಯವರಿಗೆ ಇದನ್ನು ಹೇಳಲಿಲ್ಲ.

ಮೀನಿನ ಜಾತ್ರೆ ನೋಡಬೇಕಾ? ಅದೂ ಅಂಡಮಾನ್‌ನಲ್ಲೇ. ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನಾಕಲ್ ಅನ್ನುವ ಜಾಗಗಳಿವೆ. ಕರೆನ್ ಜನಾಂಗದ ಹುಡುಗರ ಹೆಸರುಗಳಂತೆ ಅವು. ಬ್ರಿಟಿಷರ ಕಾಲದಲ್ಲಿ ಬರ್ಮಾದಿಂದ ಬಂದು ಅಂಡಮಾನ್‌ನಲ್ಲಿ ನೆಲೆಸಿದ ಜನ. ಈ ಜಾಗಗಳು 18 ಮೀಟರ್ ಆಸುಪಾಸಿನಲ್ಲಿ ಶುರುವಾಗಿ ಇನ್ನೂ ಕೆಳಕ್ಕೆ ಹೋಗುವಂಥವು. ಹಾಗಾಗಿ ಇನ್ನೂ ಆಳಕ್ಕೆ ಇಳಿಯಲು ಬೇಕಾದ ಅಡ್ವಾನ್ಸ್ಡ್ ಕೋರ್ಸನ್ನೂ ಮಾಡಿಕೊಂಡೆ. ಜಾನೀಸ್ ಗಾರ್ಜ್‌ನಲ್ಲಿ ಬರಾಕುಡಾ ಮೀನುಗಳ ಹಿಂಡು ನನ್ನ ತಲೆಯ ಮೇಲೆ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಸೆಳೆತ ಜಾಸ್ತಿ. ಬಂಡೆ ಹಿಡಿದುಕೊಳ್ಳೋಣ ಅಂದರೆ ಹವಳ ಮುಟ್ಟಬಾರದು. ಗಾಳಿ ಬೇಗ ಖಾಲಿಯಾಯಿತು, ಮೂವತ್ತೇ ನಿಮಿಷಕ್ಕೆ ಮೇಲೆ ಬಂದೆ.

ಕಡ್ಮತ್‌ನಲ್ಲಿ ಇಂಥ ಜಾತ್ರೆ ಇಲ್ಲ. ನೀರು ಮಾತ್ರ ಗಾಜು. ಆ ದ್ವೀಪಗಳಲ್ಲಿ ಹೊಳೆಯೇ ಇಲ್ಲವಲ್ಲ, ಮಣ್ಣು ಎಲ್ಲಿಂದ ಬರಬೇಕು? ದೋಣಿಯಿಂದ ಬಗ್ಗಿದರೆ ಕೆಳಗಿನ ಹವಳ ಎಣಿಸಬಹುದು. ಒಂದು ಕಡಲಾಮೆ ಲಗೂನಿನ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನ, ತಳದಲ್ಲಿ ಹುಲ್ಲು ಮೇಯುತ್ತಿತ್ತು. ಮೂರಡಿ ದೂರದಲ್ಲಿ ನಾನು ಉಸಿರು ನಿಧಾನ ಮಾಡಿ ನಿಂತೆ. ಹುಲ್ಲು ಕಿತ್ತಾಗಲೆಲ್ಲ ಮರಳು ಸಣ್ಣಗೆ ಹೊಗೆಯಾಡುತ್ತಿತ್ತು. ನಮ್ಮ ಮನೆ ದನ ಬೇಲಿ ಪಕ್ಕ ಮೇಯುವ ಹಾಗೇ, ಯಾವ ಅವಸರವೂ ಇಲ್ಲ. ಪಕ್ಕದಲ್ಲಿ ಗಿಳಿಮೀನು ಹವಳ ಕಡಿಯುವ ಕಟುಕಟು ಸದ್ದು. ಆ ಹೊತ್ತಿಗೆ ಅಲ್ಲಿ ಮನುಷ್ಯರು ಅಂತ ಇದ್ದದ್ದು ನಾನು, ನನ್ನ ಗೈಡ್, ಇಬ್ಬರೇ. ಹ್ಯಾವ್‌ಲಾಕ್‌ನ ಸುಲಭದ ಜಾಗಗಳಲ್ಲಿ ಪಕ್ಕದವರ ಕಾಲಿನ ಫಿನ್ (ಈಜುವ ರೆಕ್ಕೆ) ಮುಖಕ್ಕೆ ಬಡಿದದ್ದು ನೆನಪಾಯಿತು.

ಹಾಗಂತ ಕಡ್ಮತ್‌ನಲ್ಲಿ ಎಲ್ಲ ಚಂದ ಅಂತಲ್ಲ. ಲಗೂನಿನಲ್ಲಿ ಸತ್ತ ಹವಳದ ಬೂದು ರಾಶಿ ಬೇಕಾದಷ್ಟಿದೆ. 1998, 2010, 2016, ಮತ್ತೆ 2024ರಲ್ಲಿ ಸಮುದ್ರ ಬಿಸಿಯಾಗಿ ಹವಳ ಬಿಳಿಚಿಕೊಂಡಿತ್ತು. ಅಂಡಮಾನ್‌ಗೂ 2010, 2016ರಲ್ಲಿ ಇದೇ ಪೆಟ್ಟು ಬಿತ್ತು. ಹವಳದ ಬಣ್ಣ ನೋಡಬೇಕು ಅಂತಲೇ ಹೋಗುವುದಾದರೆ ಎರಡೂ ಕಡೆ ಸ್ವಲ್ಪ ನಿರಾಸೆ ಇದ್ದೇ ಇದೆ.

ದಿನಚರಿ ಬೇರೆಬೇರೆ. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯ ಮಾತ್ರ ಅದನ್ನು ಕೇಳುವುದಿಲ್ಲ. ಹ್ಯಾವ್‌ಲಾಕ್‌ನಲ್ಲಿ ಜನವರಿಯಲ್ಲಿ ಐದೂವರೆಗೆಲ್ಲ ಕತ್ತಲು, ಕಡ್ಮತ್‌ನಲ್ಲಿ ಮಾರ್ಚ್‌ನಲ್ಲಿ ಆರೂವರೆಗೂ ಬಿಸಿಲು. ಸಂಜೆ ಬಿಯರ್ ಬೇಕು ಅನ್ನುವವರು ಕಡ್ಮತ್ ಕಡೆ ತಲೆ ಹಾಕಬೇಡಿ, ಅಲ್ಲಿ ಮದ್ಯ ನಿಷೇಧ. ಒಣಗಿಸಿದ ಟ್ಯೂನಾ, ಅದಕ್ಕೆ ಮಾಸ್ ಅನ್ನುತ್ತಾರೆ, ತೆಂಗಿನಕಾಯಿ ಹಾಕಿ ಮಾಡುತ್ತಾರೆ. ಮೂರು ದಿನ ತಿಂದರೂ ಬೇಸರ ಬರಲಿಲ್ಲ. ಸಸ್ಯಾಹಾರಿಗಳು ಉಪ್ಪಿನಕಾಯಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಏಳೇ ದಿನ ರಜೆ ಇದ್ದರೆ, ಈಜು ಅಷ್ಟಕ್ಕಷ್ಟೇ ಆದರೆ, ಜೊತೆಗೆ ಡೈವಿಂಗ್ ಮಾಡದವರೂ ಬರುವುದಾದರೆ ಹ್ಯಾವ್‌ಲಾಕ್‌ಗೇ ಹೋಗಿ. ಕೊನೆಯ ಡೈವ್ ಆಗಿ 18 ಗಂಟೆ ವಿಮಾನ ಹತ್ತಬಾರದು, ಆ ಒಂದು ದಿನವನ್ನು ಮೊದಲೇ ತೆಗೆದಿಡಿ. ಕಾರ್ಡ್ ಕೈಯಲ್ಲಿದೆ, ಹತ್ತು ದಿನ ಬಿಡುವಿದೆ, ಜನ ಕಂಡರೆ ಆಗುವುದಿಲ್ಲ ಅನ್ನುವವರಿಗೆ ಕಡ್ಮತ್.

ನನಗೆ ಬರುವ ಮಾರ್ಚ್‌ಗೆ ಮತ್ತೆ ಕಡ್ಮತ್. ಬರುವಾಗ ಬಂದರಿನ ಅಂಗಡಿಯಿಂದ ಬೆಲ್ಲ ತರಲು ಕಾಕಾ ಹೇಳಿದ್ದಾರೆ. ಬೆಲ್ಲ ಆಗಲೇ ಕೊಂಡಿಟ್ಟಿದ್ದೇನೆ. ಪರ್ಮಿಟ್ ಇನ್ನೂ ಬಂದಿಲ್ಲ.