ನಾಲ್ಕು ಮಳೆಗಾಲ ಕಂಡ ಸೂಪರ್ ಡಿಸ್ಟಾರ್ಷನ್ ಪಿಕಪ್

ನಮ್ಮನೆ ತೀರ್ಥಹಳ್ಳಿ ಹತ್ತಿರ. ನನ್ನ ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್ (ತಂತಿ ಕೊನೆಯಾಗುವ ಕಡೆ) ಜಾಗಕ್ಕೆ ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ ಪಿಕಪ್, ಅಂದರೆ ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ, ಹಾಕಿಸಿ ನಾಲ್ಕು ಮಳೆಗಾಲ ಆಯಿತು. ನುಡಿಸುವುದು ಪೂರ್ತಿ ಮೆಟಲ್, ಜಾಸ್ತಿ ಡ್ರಾಪ್ ಡಿ ಟ್ಯೂನಿಂಗ್ (ದಪ್ಪ ತಂತಿಯನ್ನು ಇನ್ನೂ ಕೆಳಗಿನ ಸ್ವರಕ್ಕೆ ಇಳಿಸುವುದು). ಇದನ್ನು ಬಿಚ್ಚಿ ಬೇರೆ ಹಾಕಬೇಕು ಅಂತ ಒಂದು ದಿನವೂ ಅನಿಸಿಲ್ಲ.

ಕೊಳ್ಳುವ ಮುಂಚೆ ನಾನೂ ಎಲ್ಲರ ಹಾಗೆ ಓಮ್ಸ್ ಲೆಕ್ಕ, ಅಂದರೆ ಪಿಕಪ್ ಒಳಗಿನ ಕಾಯಿಲ್‌ನ (ತಂತಿ ಸುರುಳಿಯ) ರೋಧ ನೋಡುತ್ತಿದ್ದೆ. ಇನ್ನೊಂದು ಕಂಪನಿ ಸೆಮೋರ್ ಡಂಕನ್‌ನ ಜೆಬಿ ಪಿಕಪ್ 16 ಕಿಲೋ ಓಮ್ಸ್ ದಾಟುತ್ತದೆ, ಇದು 14ರ ಒಳಗೇ ಇದೆ. ಹಾಗಾದರೆ ಜೆಬಿಯೇ ಜೋರು ಅಲ್ವಾ? ಅಲ್ಲ. ಕಾಯಿಲ್‌ನ ತಂತಿ ತೆಳ್ಳಗಾದರೂ ಓಮ್ಸ್ ಏರುತ್ತದೆ. ಮ್ಯಾಗ್ನೆಟ್ ಯಾವುದು, ಎಷ್ಟು ಸುತ್ತು ಸುತ್ತಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ. ಜೆಬಿಯಲ್ಲಿ ಇರುವುದು ಆಲ್ನಿಕೋ 5, ಇದರಲ್ಲಿ ಸೆರಾಮಿಕ್. 1972ರಲ್ಲಿ ಬಂದ ಪಿಕಪ್ ಇದು. ಇವತ್ತಿಗೂ ಆಂಪ್‌ನ ಗೇನ್ (ಸ್ವರದ ಒರಟುತನ ಏರಿಸುವ ಗುಂಡಿ) ಅರ್ಧಕ್ಕೆ ಇಟ್ಟರೂ ರಿಫ್ ದಪ್ಪಗೆ ಬರುತ್ತದೆ.

ಆದರೆ ಮೊದಲ ವಾರ ಅಳು ಬರುವುದೊಂದು ಬಾಕಿ. ಒಂದು ಅಂಗಡಿಯಲ್ಲಿ ಕೂರಿಸಿಕೊಟ್ಟಿದ್ದರು. ಮನೆಗೆ ತಂದು ಪವರ್ ಕಾರ್ಡ್ (ಎರಡು ಸ್ವರ ಒಟ್ಟಿಗೆ) ಹೊಡೆದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ, ಜೊತೆಗೆ ವಿಪರೀತ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು. ಹಿಂದಿನ ಮುಚ್ಚಳ ಬಿಚ್ಚಿ ನೋಡಿದೆ. ಡಂಕನ್ ಪಿಕಪ್‌ನಲ್ಲಿ ಕಪ್ಪು ವೈರ್ ಹಾಟ್ (ಸ್ವರ ಹೊರಗೆ ಹೋಗುವ ವೈರ್), ಕೆಂಪು ಬಿಳಿ ಎರಡನ್ನೂ ಸೇರಿಸಬೇಕು. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಸೇರಿಸಬೇಕು. ಹಸಿರು ಎರಡರಲ್ಲೂ ಅರ್ತ್‌ಗೆ. ಅವರು ಡಂಕನ್ ಲೆಕ್ಕದಲ್ಲಿ ಬೆಸುಗೆ ಹಾಕಿಬಿಟ್ಟಿದ್ದರು. ಅದರಿಂದ ಎರಡು ಕಾಯಿಲ್ ಒಂದಕ್ಕೊಂದು ತಿರುಗಿ ಕೂತಿದ್ದವು. ಸ್ವರ ಕಳೆದುಹೋಗುತ್ತಿತ್ತು, ಹಮ್ ಕೂಡುತ್ತಿತ್ತು. ಬೆಸುಗೆ ಬಿಡಿಸಿ ಕೆಂಪು ಕಪ್ಪು ಅದಲು ಬದಲು ಮಾಡಿದೆ, ಹತ್ತು ನಿಮಿಷದ ಕೆಲಸ. ಮತ್ತೆ ಅದೇ ಕಾರ್ಡ್ ಹೊಡೆದಾಗ ಕಿಟಕಿ ಗಾಜು ನಡುಗಿತು. ಆ ಖುಷಿ ಇನ್ನೂ ಮರೆತಿಲ್ಲ.

ಪಿಕಪ್‌ನ ಎತ್ತರ ಸರಿ ಮಾಡಿಕೊಳ್ಳಲು ಮಾತ್ರ ತಿಂಗಳು ಹಿಡಿಯಿತು. ಜೋರು ಬರಲಿ ಅಂತ ತಂತಿಗೆ ತೀರಾ ಹತ್ತಿರ ಏರಿಸಿದ್ದೆ. ಪಾಮ್ ಮ್ಯೂಟ್ ಮಾಡಿದರೆ, ಅಂದರೆ ಅಂಗೈ ಅಂಚಿನಿಂದ ತಂತಿ ಅದುಮಿ ಹೊಡೆದರೆ, ದಪ್ಪ ತಂತಿ ಕೆಸರಿನಲ್ಲಿ ಕಾಲಿಟ್ಟ ಹಾಗೆ ಪಚಪಚ. ಈಗ ಕೊನೇ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪಿಕಪ್‌ಗೂ ನಡುವಿನ ಅಂತರ ಅಳೆದರೆ ದಪ್ಪ ತಂತಿ ಕಡೆ 3 ಮಿ.ಮೀ., ಸಣ್ಣ ತಂತಿ ಕಡೆ 2. ಪ್ಲಾಸ್ಟಿಕ್ ಸ್ಕೇಲ್‌ನಲ್ಲೇ ಅಳೆಯಿರಿ. ನಾನು ಮೊದಲು ಒಂದು ರೂಪಾಯಿ ನಾಣ್ಯ ಇಟ್ಟು ನೋಡಲು ಹೋದೆ, ಟಪ್ ಅಂತ ಪಿಕಪ್‌ಗೆ ಅಂಟಿಕೊಂಡಿತು.

ಸಾಗರದ ನನ್ನ ಗೆಳೆಯನ ಹತ್ತಿರ ಇಎಂಜಿ 81 ಇದೆ. ಆಕ್ಟಿವ್ ಪಿಕಪ್, ಒಳಗೆ 9 ವೋಲ್ಟ್ ಬ್ಯಾಟರಿ. ನಿಶ್ಶಬ್ದದಲ್ಲಿ ಅದನ್ನು ಮೀರಿಸುವುದು ಕಷ್ಟ, ವೇಗದ ರಿಫ್‌ನಲ್ಲಿ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ, ಆದರೆ ಕೇಬಲ್ ಚುಚ್ಚಿದ್ದಷ್ಟು ಹೊತ್ತೂ ಖರ್ಚಾಗುತ್ತಲೇ ಇರುತ್ತದೆ. ಕೇಬಲ್ ಕಿತ್ತಿಡುವ ಅಭ್ಯಾಸ ಇರುವವರು ಕಣ್ಮುಚ್ಚಿ ಅದನ್ನೇ ಕೊಳ್ಳಬಹುದು. ನನಗೆ ವಾಲ್ಯೂಮ್ ಇಳಿಸಿ ಕ್ಲೀನ್ ನುಡಿಸುವಾಗ ಬ್ಯಾಟರಿ ಬೇಡದ ಈ ಪ್ಯಾಸಿವ್ ಪಿಕಪ್‌ನ ಸ್ವರವೇ ಹಿತ.

ಇಷ್ಟು ಔಟ್‌ಪುಟ್ ಇರುವ ಪಿಕಪ್ ಜೊತೆ ಗೇನ್ ಏರಿಸಿದರೆ ಸಣ್ಣ ಹಮ್ಮೂ ದೊಡ್ಡದಾಗುತ್ತದೆ. ನಮ್ಮದು ಹಳೇ ಮನೆ. ಆಂಪ್ ಚುಚ್ಚುತ್ತಿದ್ದ ಪ್ಲಗ್ ಪಾಯಿಂಟ್‌ನ ಮೂರನೇ ತೂತಿಗೆ ಅರ್ತಿಂಗ್ ವೈರೇ ಇರಲಿಲ್ಲ! ಎಲೆಕ್ಟ್ರಿಷಿಯನ್ ಕರೆಸಿ ಎಳೆಸಿದ ಮೇಲೆ ಹಮ್ ತುಂಬಾ ಇಳಿಯಿತು. ಹಳೇ ಮನೆಯಲ್ಲಿ ಇರುವವರು ದುಡ್ಡು ಕೊಟ್ಟು ಪಿಕಪ್ ಬದಲಿಸುವ ಮುಂಚೆ ಇದನ್ನು ನೋಡಿಸಿ. ಹಮ್‌ಗಿಂತ ಮೊದಲು ಜೀವದ ಪ್ರಶ್ನೆ ಅದು.

ಮಳೆಗಾಲದ ಥಂಡಿಗೆ ತಂತಿಗಳು ಎರಡೇ ವಾರಕ್ಕೆ ತುಕ್ಕು ಹಿಡಿಯುತ್ತವೆ. ಪಿಕಪ್‌ನ ಸ್ಕ್ರೂ ತಲೆಗಳ ಮೇಲೂ ತೆಳ್ಳಗೆ ಕಂದು ಬಣ್ಣ ಬಂದಿದೆ, ಸ್ವರಕ್ಕೆ ಏನೂ ಆಗಿಲ್ಲ. ನುಡಿಸಿದ ಮೇಲೆ ಹತ್ತಿ ಬಟ್ಟೆಯಲ್ಲಿ ಒರೆಸಿ ಕೇಸಿನೊಳಗೆ ಇಡುತ್ತೇನೆ. 500 ಕೆ ವಾಲ್ಯೂಮ್ ಪಾಟ್ (ಗುಂಡಿಯ ಕೆಳಗಿನ, ರೋಧ ಬದಲಿಸುವ ಭಾಗ) ಮಾತ್ರ ಈ ಸಲ ತಿರುಗಿಸಿದಾಗೆಲ್ಲ ಕರಕರ ಅನ್ನುತ್ತಿದೆ. ಅದನ್ನು ಬದಲಿಸಬೇಕು. ಈ ಸಲದ ಬೆಸುಗೆ ನಂದೇ.